‘ಅರ್ಹರಲ್ಲ’ ಎಂದ ಯಂತ್ರ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕಾ,

ನಮಸ್ಕಾರ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಚೆನ್ನಾಗಿ ಬೈ, ನಿನ್ನಿಂದ ಬೈಸಿಕೊಳ್ಳುವುದು ನನಗೇನು ಹೊಸದೇ? ನೀನು ಕೇಳಿದ್ದು ಒಂದೇ ಮಾತು: “ಐವತ್ತೆರಡು ವರ್ಷದ ಮನುಷ್ಯನ ಹೃದಯದ ಆಪರೇಷನ್ನಿಗೆ ಸರ್ಕಾರ ಯಾಕೆ ‘ಅರ್ಹರಲ್ಲ’ ಅಂತು? ನೀನು ಅದೇ ಇಲಾಖೇಲಿದ್ದೀಯಲ್ಲ, ತಿಳ್ಕೊಂಡು ಹೇಳು.” ಆ ಆದೇಶ ಬಂದ ಒಂಬತ್ತನೇ ದಿನಕ್ಕೇ ಭಾವ ಹೋಗಿಬಿಟ್ಟರು. ಕಾರಣ ಈಗ ನನ್ನ ಕೈಯಲ್ಲಿದೆ.

ದೇಶದುದ್ದಕ್ಕೂ ನಮ್ಮ ಇಲಾಖೆಯ ಕಚೇರಿಗಳಲ್ಲಿ ಒಂದು ಹಳೆಯ ಅಭ್ಯಾಸವಿದೆ. ಹುಟ್ಟಿದ ದಿನಾಂಕ ತುಂಬದಿದ್ದರೆ ಕಂಪ್ಯೂಟರ್ ಅರ್ಜಿಯನ್ನು ಮುಂದಕ್ಕೆ ಬಿಡುವುದಿಲ್ಲ. ಅದಕ್ಕೇ ‘೧೯೦೦, ಜನವರಿ ೧’ ಎಂದು ಹೊಡೆದು ತಳ್ಳುತ್ತೇವೆ, ಆಮೇಲೆ ತಿದ್ದಿದರಾಯಿತು ಎಂದು. ಅರ್ಜಿ ನೋಡುವ ಗುಮಾಸ್ತರಿಗೆಲ್ಲ ಇದು ಗೊತ್ತಿತ್ತು. “ಬಂದ ನೋಡ್ರಪ್ಪಾ ಇನ್ನೊಬ್ಬ ಮುತ್ತಜ್ಜ!” ಎಂದು ನಕ್ಕು, ಫೋನ್ ಮಾಡಿ ಸರಿಯಾದ ದಿನಾಂಕ ಕೇಳಿಕೊಳ್ಳುತ್ತಿದ್ದರು. ಹೋದ ವರ್ಷ ಅವರ ಜಾಗಕ್ಕೆ ಕೃತಕ ಬುದ್ಧಿಮತ್ತೆಯ ಯಂತ್ರ ಬಂತು. ಅದಕ್ಕೆ ಈ ಗುಟ್ಟನ್ನು ಹೇಳಿಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ೧೯೦೦ ಎಂದಿದ್ದ ಅರ್ಜಿಗಳನ್ನೆಲ್ಲ, ಇಷ್ಟು ವಯಸ್ಸಾದವರು ಆಪರೇಷನ್ ತಡೆಯಲಾರರು ಎಂದು ಅದು ಕ್ಷಣದಲ್ಲಿ ತಳ್ಳಿಹಾಕಿತು. ಭಾವನಿಗೂ ಆದದ್ದು ಇದೇ.

ನಾನು ಸುಮ್ಮನೆ ಕೂರುವವಳಾ? ಇಂಥ ಯಂತ್ರಗಳನ್ನು ಹಿಡಿತದಲ್ಲಿಡಲು ಇಡೀ ದೇಶಕ್ಕೆ ಒಂದೇ ಕಾಯ್ದೆ ಬರುತ್ತಿದೆ. ಅದರ ಕರಡು ಸಮಿತಿಯಲ್ಲಿ ಹಟ ಹಿಡಿದು ಜಾಗ ಗಿಟ್ಟಿಸಿಕೊಂಡೆ. ನಿನ್ನೆ ಮಂತ್ರಿಗಳ ಮುಂದೆ ಕೊನೆಯ ಸಭೆ. ಯಂತ್ರ ಕೊಟ್ಟ ಕಂಪನಿಯವನು ಟೈ ಸರಿಮಾಡಿಕೊಂಡು, “ಮೇಡಂ, ನಮ್ಮಲ್ಲಿ ತಪ್ಪು ಆಗೋದೇ ಅಪರೂಪ” ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ೧೯೦೦ರಲ್ಲಿ ಹುಟ್ಟಿದವರೆಂದು ಯಂತ್ರ ತಳ್ಳಿಹಾಕಿದವರ ಪಟ್ಟಿಯನ್ನು ಮೇಜಿನ ಮೇಲೆ ಹರಡಿದೆ. “ಹೌದೇನಪ್ಪಾ? ಹಾಗಾದ್ರೆ ನಿಮ್ಮ ಲೆಕ್ಕದಲ್ಲಿ ನೂರಿಪ್ಪತ್ತು ದಾಟಿದೋರು ಈ ದೇಶದಲ್ಲಿ ನಲವತ್ತೊಂದು ಸಾವಿರ ಜನ ಇದಾರೆ. ಎಲ್ಲರೂ ಒಂದೇ ದಿನ ಹುಟ್ಟಿದಾರೆ!”

ಮಂತ್ರಿಗಳು ಮೊದಲು ನಕ್ಕರು. ಪಟ್ಟಿ ತಿರುವುತ್ತಾ ಹೋದಂತೆ ಅವರ ನಗು ನಿಂತಿತು. “ಏನ್ ಬರೀಬೇಕು ಹೇಳಿ” ಎಂದರು.

ಬರೆಸಿದೆ ಅಕ್ಕಾ. ಯಂತ್ರ ಸಲಹೆ ಕೊಡಬಹುದು, ‘ಇಲ್ಲ’ ಎನ್ನುವ ಅಧಿಕಾರ ಅದಕ್ಕಿಲ್ಲ. ಇಲ್ಲ ಎನ್ನುವುದಾದರೆ ಒಬ್ಬ ಅಧಿಕಾರಿ ಅರ್ಜಿದಾರರ ಜೊತೆ ಮಾತಾಡಿ, ಕಾರಣ ಬರೆದು, ತನ್ನ ಹೆಸರಿನಲ್ಲಿ ಸಹಿ ಹಾಕಬೇಕು. ಒಂದಕ್ಷರ ಬದಲಾಗದೆ ಒಪ್ಪಿಗೆಯಾಯಿತು. ಕಾಯ್ದೆ ಪಾಸಾಗುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆ ಪಟ್ಟಿಯಲ್ಲಿ ಉಳಿದವರಿಗೆಲ್ಲ ಇವತ್ತು ಬೆಳಿಗ್ಗೆಯಿಂದಲೇ ಫೋನ್ ಹೋಗುತ್ತಿದೆ.

ನೀನು ಹೊತ್ತುಹೊತ್ತಿಗೆ ಊಟ ಮಾಡು. ಮಗಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ, ಚಿಕ್ಕಮ್ಮನ ಆಶೀರ್ವಾದ ಅವಳಿಗೆ ಯಾವತ್ತೂ ಇದೆ ಎಂದು ಹೇಳು.

ನಿನ್ನ ಬಾಯಿಬಡುಕಿ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಭಾವನ ಅರ್ಜಿ ತುಂಬಿದವಳು ನಾನೇ ಅಲ್ಲವೇ? ಜನನ ಪತ್ರ ಹುಡುಕಿ ಕಳಿಸುತ್ತೇನೆ, ಎರಡು ದಿನ ತಡಿ ಎಂದು ನೀನು ಅಂದಿದ್ದೆ. “ಅದೆಲ್ಲ ನಂಗೆ ಬಿಡು, ಆಮೇಲೆ ತಿದ್ತೀನಿ” ಎಂದು ಆ ೧೯೦೦ನ್ನು ಹೊಡೆದದ್ದು ಈ ಕೈಯೇ. ನೀನು ಮೂರನೇ ದಿನಕ್ಕೆ ಜನನ ಪತ್ರ ಕಳಿಸಿದೆ. ನಾನು ಕೆಲಸದ ಗಡಿಬಿಡಿಯಲ್ಲಿ ಆ ಲಕೋಟೆಯನ್ನು ಒಡೆಯಲೇ ಇಲ್ಲ. ಭಾನುವಾರ ಬರುತ್ತೇನೆ ಅಕ್ಕಾ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.