ಹಿತ್ತಲಿನ ಹೂಕೋಸು

ಪ್ರೀತಿಯ ಅಕ್ಕಾ,

ನೀನು ಹಿತ್ತಲಲ್ಲಿ ಬಿತ್ತಿ ಹೋದ ಹೂಕೋಸಿನ ಬೀಜ ಚೆನ್ನಾಗಿ ಮೊಳೆತು ಸಸಿಯಾಗಿತ್ತು. ನಿನ್ನೆ ನಿನ್ನ ಗಂಡ ಬಂದಿದ್ದ. ಭಾವನಿಗೆ ಬಹುವಚನ ಹಚ್ಚಲು ಇನ್ನು ನನ್ನಿಂದಾಗದು.

"ನನ್ನ ಹೆಂಡತೀನ ಎಲ್ಲಿ ಬಚ್ಚಿಟ್ಟಿದ್ದೀರಿ?" ಎಂದು ಕೂಗಾಡಿದ.

"ಬಚ್ಚಿಡೋಕೆ ಅವಳೇನು ಸೂಜಿಯೇನಪ್ಪ?" ಎಂದಳು ಅಮ್ಮ.

ಆ ಸಿಟ್ಟಿಗೆ ಸಸಿಮಡಿಯನ್ನು ಬೂಟುಗಾಲಲ್ಲಿ ಹೊಸಕಿದ. ತಡೆಯಲು ಹೋದ ಅಮ್ಮನನ್ನು ತಳ್ಳಿದ. ಅವಳ ಕೈಗೆ ಪ್ಲಾಸ್ಟರ್ ಹಾಕಿಸಿದ್ದೇವೆ, ಗಾಬರಿಯಾಗಬೇಡ.

ಉಳಿದ ನಾಲ್ಕಾರು ಸಸಿಗಳನ್ನು ಬೇರೆಡೆ ನೆಟ್ಟಿದ್ದೇನೆ. ಹೂ ಬಿಸಿಲಿಗೆ ಹಳದಿಯಾಗದಂತೆ ಎಲೆ ಮಡಚಿ ಕಟ್ಟುವುದು ಯಾವಾಗ ಎಂದು ತಿಳಿಸು. ಪತ್ರ ಮನೆಗೆ ಬೇಡ, ನಾನು ಹೊಲಿಗೆಗೆ ಹೋಗುವ ಅಂಗಡಿಗೆ ಹಾಕು.

"ಹೂ ಬಿಡುವಷ್ಟರಲ್ಲಿ ಅವಳನ್ನ ಕರೆಸೋಣವಾ?" ಎಂದು ಅಮ್ಮನನ್ನು ಕೇಳಿದೆ.

"ಬೇಡ. ಎಲ್ಲಿದ್ದಾಳೋ ಅಲ್ಲೇ ಇರಲಿ" ಎಂದವಳು ಗೋಡೆಯತ್ತ ಹೊರಳಿದಳು.

ನಿನ್ನ ತಂಗಿ