ದವಾಖಾನೆಗೆ ಹೋಗದ ದಿನದ ಗುಳಿಗೆ

ವೈನಿ,

ನಾನು ಖಾನಾಪುರಕ್ಕೆ ಅವ್ವನ ಹತ್ತಿರ ಹೋಗುತ್ತಿದ್ದೇನೆ, ಸಂಜೆಯೊಳಗೆ ಬರುತ್ತೇನೆ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ರೊಟ್ಟಿ ಬುಟ್ಟಿಯಲ್ಲಿವೆ. ಪಲ್ಯಕ್ಕೆ ಉಪ್ಪು ಕಡಿಮೆ; ನನ್ನನ್ನು ಬೈಯುತ್ತಲಾದರೂ ಉಣ್ಣಿರಿ. ನಿಮ್ಮ ಸೀಮಂತದ ಕುಬಸಕ್ಕೆ ಬಂದ ಹಪ್ಪಳ, ಉಪ್ಪಿನಕಾಯಿ ಎಲ್ಲ ಉಪ್ಪು ಹೆಚ್ಚೆಂದು ಬಾಜು ಮನೆಯ ಕೃಷ್ಣಾಬಾಯಿಗೆ ಕೊಟ್ಟಿದ್ದೇನೆ, ಹುಡುಕಬೇಡಿ.

ಬಿಪಿ ಗುಳಿಗೆ ನೀರಿನ ತಂಬಿಗೆಯ ಹತ್ತಿರ ಇದೆ. ದವಾಖಾನೆಗೆ ಹೋಗುವ ದಿನ ಮಾತ್ರ ನೀವು ಅದನ್ನು ನುಂಗುವುದು ನನಗೆ ಗೊತ್ತು. ಅಣ್ಣನಿಗೆ ಹೇಳಿಲ್ಲ. "ದಿನಾ ನುಂಗಿದ್ರ ಕೂಸಿನ ಬುದ್ಧಿ ಮಂದ ಆಗತೈತಿ" ಎಂದು ನೀವು ಫೋನಿನಲ್ಲಿ ತಂಗಿಗೆ ಹೇಳಿದ್ದು ಕೇಳಿಸಿತ್ತು.

ನಿನ್ನೆ ನರ್ಸ್ ನಿಮ್ಮ ತೂಕ ನೋಡುವಾಗ ಆ ಗುಳಿಗೆಯ ಬಗ್ಗೆ ಡಾಕ್ಟರನ್ನು ನಾನೇ ಕೇಳಿದೆ. "ಬಸುರಿದ್ದವ್ರಿಗಂತನ ನೋಡಿ ಕೊಟ್ಟ ಗುಳಿಗಿ ಐತವ್ವಾ. ಬಿಪಿ ಏರಿದ್ರನ ಕೂಸಿಗೆ ಹೋಗೂ ರಕ್ತ ಕಡಿಮಿ ಆಗಬಹುದು. ಮಿದುಳು ಬೆಳಿಯಾಕ ಅದು ಬೇಕಲ್ಲ?" ಎಂದರು. ಎಲ್ಲ ಮಕ್ಕಳಿಗೂ ತೊಂದರೆಯಾಗುವುದಿಲ್ಲ, ಇದರ ಸಂಶೋಧನೆ ಇನ್ನೂ ನಡೆದಿದೆ ಎಂದೂ ಹೇಳಿದರು.

ಆಗಿನಿಂದ ಒಂದೇ ಯೋಚನೆ. ನಾನು ಹೊಟ್ಟೆಯಲ್ಲಿದ್ದಾಗ ಅವ್ವನ ಕೈ, ಮುಖ ಬಾತಿದ್ದವಂತೆ, ಬಿಪಿಯಿಂದಲೋ ಏನೋ. ಶಾಲೆಯಲ್ಲಿ ಲೆಕ್ಕ ನನ್ನ ತಲೆಗೆ ಹತ್ತದೇ ಹೋದದ್ದು ಅದಕ್ಕೋ, ಮಾಸ್ತರರ ಅಂಜಿಕೆಗೋ? ಅದನ್ನು ಈಗ ಯಾರೂ ಹೇಳಲಾರರು. ಆಗ ಯಾರಾದರೂ ಅವಳ ಬಿಪಿ ನೋಡಿದ್ದರೇ ಎಂದಾದರೂ ಅವ್ವನನ್ನು ಕೇಳಿ ಬರುತ್ತೇನೆ.

ತಲೆ ಸಿಡಿದರೆ, ಕಣ್ಣು ಮಂಜಾದರೆ ನನಗಾಗಿ ಕಾಯಬೇಡಿ. ಅಣ್ಣನನ್ನು ಕರೆದುಕೊಂಡು ತಕ್ಷಣ ದವಾಖಾನೆಗೆ ಹೋಗಿ.

ನಿಮ್ಮ ಕೂಸು ಲೆಕ್ಕದಲ್ಲಿ ದಡ್ಡ ಆದರೂ ಆಗಲಿ, ನಾನು ಮುದ್ದು ಮಾಡುತ್ತೇನೆ. ಆದರೆ ಯಾಕೆ ಹೀಗಾಯಿತು ಎಂದು ಅದು ನನ್ನ ಹಾಗೆ ಯೋಚಿಸುತ್ತ ಕೂಡಬಾರದು.

ದಾನಮ್ಮ