ಈಗಷ್ಟೇ ಥಿಯೇಟರಿಗೆ ಹೋದ್ರು

ಬುಧವಾರ, ಬೆಳಿಗ್ಗೆ

ಮ್ಯಾನೇಜರ್ ಸಾಹೇಬರಿಗೆ,

ನಮಸ್ಕಾರ. ಇದನ್ನು ಟಿಕೆಟ್ ಕೌಂಟರಿನಲ್ಲಿ ನಿಂತು ಓದಬೇಡಿ. ಥಿಯೇಟರಿನ ಹಿಂದಿನ ನಿಮ್ಮ ಆ ಕೋಣೆಗೆ ಹೋಗಿ, ಚಿಲಕ ಹಾಕಿಕೊಂಡು ಓದಿ. ಫೋನ್ ಮಾಡುವುದು ಬಿಟ್ಟು ಕಾಗದವೇಕೆ ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನ್ ಮುಟ್ಟುವುದಕ್ಕೇ ನನಗೆ ಹೆದರಿಕೆ. ಯಾರು ಕೇಳಿಸಿಕೊಳ್ಳುತ್ತಾರೋ, ಯಾರು ಓದುತ್ತಾರೋ. ಇಂಟರ್ನೆಟ್ಟಿನ ಪೆಟ್ಟಿಗೆಯ ವೈರು ಕಿತ್ತು, ಟವೆಲಿನಲ್ಲಿ ಸುತ್ತಿ, ಬೀರುವಿನಲ್ಲಿ ನಿಮ್ಮ ಸ್ವೆಟರುಗಳ ಕೆಳಗೆ ಇಟ್ಟಿದ್ದೇನೆ. ನಗಬೇಡಿ.

ವಿಷಯ ಇದು. ಹೋದ ವಾರ ಇಂಟರ್ನೆಟ್ ಕಂಪನಿಯಿಂದ ಒಂದು ನೋಟಿಸ್ ಬಂತು. ಕನೆಕ್ಷನ್ ಇನ್ನೂ ನಿಮ್ಮ ಹೆಸರಿನಲ್ಲೇ ಇದೆಯಲ್ಲ, ನೋಟಿಸೂ ನಿಮ್ಮ ಹೆಸರಿಗೇ. ಈ ಮನೆಯಿಂದ ಒಂದು ಹೊಸ ಸಿನಿಮಾ ಹೊರಗಿನವರಿಗೆ ಹಂಚಿಕೆಯಾಗಿದೆಯಂತೆ. ಸಿನಿಮಾದವರು ದೂರು ಕೊಟ್ಟಿದ್ದಾರಂತೆ. ಈ ಕನೆಕ್ಷನ್ ಬಳಸುವವರು ಯಾರು ಯಾರು ಎಂದು ನಾವು ಉತ್ತರ ಕೊಡಬೇಕಂತೆ. ಕೊಡದಿದ್ದರೆ ನಿಮ್ಮ ಹೆಸರು, ವಿಳಾಸ ಸಿನಿಮಾದವರ ಕೈಗೆ. ಯಾವ ಸಿನಿಮಾ ಎಂದು ಕೇಳಿ. ಈಗ ನಿಮ್ಮ ಥಿಯೇಟರಿನಲ್ಲಿ ಓಡುತ್ತಿದೆಯಲ್ಲ, ಅದೇ.

ಹೋದ ವರ್ಷ ಕತ್ತಲಲ್ಲಿ ಕೂತು ಫೋನಿನಲ್ಲಿ ಸಿನಿಮಾ ಹಿಡಿಯುತ್ತಿದ್ದವನನ್ನು ಕಾಲರ್ ಹಿಡಿದು ಪೊಲೀಸರಿಗೆ ಕೊಟ್ಟವರು ನೀವು. ಪೇಪರಿನಲ್ಲಿ ನಿಮ್ಮ ಫೋಟೋ ಬಂದಿತ್ತು, ಕಣ್ಣು ಮುಚ್ಚಿಕೊಂಡಿದ್ದಿರಿ. ಅದೇ ಮ್ಯಾನೇಜರರ ಮನೆಯಿಂದ ಸಿನಿಮಾ ಸೋರಿದೆ ಎಂದರೆ ನಿಮ್ಮ ಮಾಲೀಕರು ಒಂದು ಗಳಿಗೆ ಇಟ್ಟುಕೊಳ್ಳುತ್ತಾರೆಯೇ? ನೀವೇ ಕದ್ದು ತಂದು ಹಂಚಿದಿರಿ ಎನ್ನುತ್ತಾರೆ. ನಿಮಗೆ ಆ ಕೆಲಸ ಬಿಟ್ಟರೆ ಬೇರೆ ಲೋಕವಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಮಾಡಿದವಳು ನಾನು. ನಮ್ಮ ಲ್ಯಾಬಿನಲ್ಲಿ ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಸುರಿಯುತ್ತಾಳಲ್ಲ, ದಪ್ಪ ಕನ್ನಡಕದವಳು, ಅವಳು ಒಂದು ಸಂಜೆ ಬಂದು ಟಿವಿಗೆ ಆ ಆಪ್ ಹಾಕಿಕೊಟ್ಟಳು. ಟಾರೆಂಟ್ ಅನ್ನುತ್ತಾರಂತೆ. ಹೆಸರು ಒತ್ತಿದರೆ ಸಾಕು, ಸಿನಿಮಾ ಎಲ್ಲೆಲ್ಲಿಂದಲೋ ಚೂರುಚೂರಾಗಿ ಬಂದು ಕೂಡಿಕೊಂಡು ಓಡುತ್ತದೆ. ಇದು ತಪ್ಪಲ್ಲವೇನೇ ಎಂದು ಕೇಳಿದೆ, ನಿಮ್ಮಾಣೆಗೂ ಕೇಳಿದೆ. ಅವಳು, "ಅಯ್ಯೋ ಅಕ್ಕ, ನಾವೇನ್ ಕದ್ದು ಮಾರ್ತೀವಾ? ಸುಮ್ನೆ ನೋಡ್ತೀವಷ್ಟೆ" ಎಂದಳು. ನನಗೂ ಅಷ್ಟೇ ಬೇಕಿತ್ತು, ಒಪ್ಪಿಕೊಂಡುಬಿಟ್ಟೆ.

ನೋಟಿಸ್ ಬಂದ ಮೇಲೆ ಲ್ಯಾಬಿನ ಪಕ್ಕದ ಹಲ್ಲಿನ ಕ್ಲಿನಿಕ್ಕಿಗೆ ಒಬ್ಬ ವಕೀಲರು ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಬಂದಿದ್ದರು. ಹಲ್ಲಿನ ಬಣ್ಣ ಹೊಂದಿಸಲು ನನ್ನನ್ನು ಕರೆದರು. ಗೆಳತಿಯೊಬ್ಬಳ ಕಥೆ ಎಂದು ಹೇಳಿ ಕೇಳಿದೆ. ಪಾಪ, ಅರ್ಧ ಮರಗಟ್ಟಿದ ಬಾಯಲ್ಲೇ ಬಿಡಿಸಿ ಹೇಳಿದರು. ಆಪ್ ಇಟ್ಟುಕೊಂಡ ಮಾತ್ರಕ್ಕೆ ತಪ್ಪಾಗುವುದಿಲ್ಲ. ಒಡೆಯರೇ ಎಲ್ಲರೂ ನೋಡಲಿ ಎಂದು ಬಿಟ್ಟುಕೊಟ್ಟದ್ದನ್ನು ಅದರಲ್ಲಿ ಧಾರಾಳವಾಗಿ ನೋಡಬಹುದು. ಆದರೆ ಥಿಯೇಟರಿನಲ್ಲಿ ಓಡುತ್ತಿರುವುದನ್ನು ಯಾರನ್ನೂ ಕೇಳದೆ ತರಿಸಿಕೊಂಡರೆ ಅದು ಕಾನೂನಿಗೆ ವಿರುದ್ಧ. "ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇಲ್ಲ" ಎಂದರು. ನಾವು ನೋಡುತ್ತಿರುವಾಗಲೇ ನಮಗೆ ಬಂದ ಚೂರುಗಳನ್ನು ಆ ಆಪ್ ನಮ್ಮ ಮನೆಯಿಂದ ಬೇರೆಯವರಿಗೆ ಕಳಿಸುತ್ತಿರುತ್ತದಂತೆ. "ಅಂದ್ರೆ ನೋಡೋರೇ ಹಂಚೋರೂ ಆಗ್ಬಿಡ್ತಾರೆ. ಕನೆಕ್ಷನ್ ಗಂಡನ ಹೆಸರಲ್ಲಿದ್ರೆ ಮೊದಲು ಅವರನ್ನೇ ಹಿಡ್ಕೊಳ್ಳೋದು, ನಿಮ್ಮ ಗೆಳತಿಗೆ ಹೇಳಿ" ಎಂದರು. ಗಂಡ ಎಂಬ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಹಲ್ಲಿನ ಬಣ್ಣದ ಪಟ್ಟಿ ಕೈಯಿಂದ ಜಾರಿ ಬಿತ್ತು.

ಅಂದಿನಿಂದ ನಾನು ನಾನಾಗಿಲ್ಲ. ಕೆಳಗೆ ಕಾರು ನಿಂತರೆ ಕಿಟಕಿಯ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ನೀರಿನ ಮೀಟರಿನವನು ಬೆಲ್ ಮಾಡಿದ್ದಕ್ಕೆ ಬಚ್ಚಲಿಗೆ ಹೋಗಿ ಅಡಗಿ ಕೂತಿದ್ದೆ. ಬೆಳಗಿನಿಂದ ಸಂಜೆವರೆಗೆ ಊರವರ ಹಲ್ಲು ಕಟ್ಟುವವಳು, ಮನೆಗೆ ಬಂದರೆ ನನ್ನ ಹಲ್ಲೇ ಕಟಕಟ ಅನ್ನುತ್ತಿರುತ್ತದೆ.

ಅತ್ತೆಯವರು ಭಾನುವಾರ ಎಂದಿನಂತೆ ಫೋನ್ ಮಾಡಿದ್ದರು, ಹೆದರುತ್ತಲೇ ಎತ್ತಿದೆ. "ಎಲ್ಲಮ್ಮಾ ಅವನು?" ಎಂದು ಕೇಳಿದರು. "ಈಗಷ್ಟೇ ಥಿಯೇಟರಿಗೆ ಹೋದ್ರು ಅತ್ತೆ" ಎಂದೆ. ಬೇಸಿಗೆಯಿಂದಲೂ ಇದೊಂದೇ ಉತ್ತರ. ಎದುರುಮನೆಯವರು ಕೇಳಿದರೂ, ನನ್ನ ತಮ್ಮ ಕೇಳಿದರೂ ಇದೇ. ಈಗ ಯೋಚಿಸುವ ಮೊದಲೇ ಬಾಯಿಗೆ ಬರುತ್ತದೆ. ಆ ದಿನ ಜಗಳದ ಸಿಟ್ಟಿನಲ್ಲಿ "ಥಿಯೇಟರಲ್ಲೇ ಇದ್ದುಬಿಡಿ" ಎಂದೆ. ಜೀವಮಾನದಲ್ಲಿ ನನ್ನ ಒಂದೇ ಒಂದು ಮಾತು ಕೇಳಿದಿರಿ, ಅದೂ ಇದನ್ನೇ.

ಅದೇ ಸಿನಿಮಾ ಯಾಕೆ ನೋಡಿದೆ ಎಂದು ಕಂಪನಿಯವರು ಕೇಳಿಲ್ಲ. ನೀವು ಕೇಳುತ್ತೀರಿ. ಹೇಳಿಬಿಡುತ್ತೇನೆ. ನಿಮ್ಮ ಥಿಯೇಟರಿನಲ್ಲಿ ಯಾವುದು ಬದಲಾದರೂ ಇಲ್ಲಿ ನಾನೂ ಅದನ್ನೇ ಹಾಕುತ್ತಿದ್ದೆ, ನಿಮ್ಮ ಸಂಜೆಯ ಆಟ ಶುರುವಾಗುವ ಹೊತ್ತಿಗೇ. ಇಂಟರ್ವಲ್ಲಿಗೆ ನಿಲ್ಲಿಸಿ ಟೀ ಮಾಡಿಕೊಳ್ಳುತ್ತಿದ್ದೆ. ಈಗ ಪಾಪ್‌ಕಾರ್ನ್ ಕೌಂಟರಿನ ಮುಂದೆ ನಿಂತು ಜನರನ್ನು ಸಾಲು ಮಾಡಿಸುತ್ತಿರುತ್ತೀರಿ ಅಂದುಕೊಳ್ಳುತ್ತಿದ್ದೆ. ನೀವು ಯಾವ ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ಬಾಗಿಲ ಸಂದಿಯಲ್ಲಿ ಇಷ್ಟಿಷ್ಟು ನೋಡಿ ಬಂದು, ಊಟದ ಹೊತ್ತಿನಲ್ಲಿ ಉಳಿದದ್ದನ್ನು ನೀವೇ ಕಟ್ಟಿ ಹೇಳುತ್ತಿದ್ದಿರಿ. ಆ ಸುಳ್ಳು ಕಥೆಗಳಿಲ್ಲದೆ ನನಗೆ ಊಟ ಸೇರುತ್ತಿರಲಿಲ್ಲ. ಟಿಕೆಟ್ ಕೊಂಡು ಬರಬಹುದಿತ್ತು. ಬಾಗಿಲಲ್ಲಿ ನೀವೇ ನಿಂತಿರುತ್ತೀರಿ, ಬರುವುದು ಹೇಗೆ?

ಈಗ ಉತ್ತರ ಏನು ಕೊಡಲಿ? ನೀವು ಈ ಮನೆಯಲ್ಲೇ ಇದ್ದೀರಿ ಎಂದರೆ ನೀವು ಸಿಕ್ಕಿಬೀಳುತ್ತೀರಿ. ಇಲ್ಲ ಎಂದರೆ ನೀವು ಪಾರು. ಆದರೆ ಇಷ್ಟು ದಿನ ಹೆತ್ತವರಿಗೂ ಹೇಳದ ಮಾತನ್ನು ಮೊದಲು ಒಂದು ಇಂಟರ್ನೆಟ್ ಕಂಪನಿಗೆ ಹೇಳಬೇಕೇ? ಒಮ್ಮೆ ಹೇಳಿದೆನೆಂದರೆ ಅದು ನಿಜವಾಗಿಬಿಡುತ್ತದೆ. ನೋಟಿಸಿಗಿಂತ, ಪೊಲೀಸರಿಗಿಂತ ನನಗೆ ಅದರದ್ದೇ ಭಯ. ಉತ್ತರಕ್ಕೆ ಶುಕ್ರವಾರವೇ ಕೊನೆ, ಅಷ್ಟರೊಳಗೆ ನಿಮಗೆ ತೋಚಿದ್ದನ್ನು ತಿಳಿಸಿ.

ಇತಿ,
ನೀವು 'ಹಲ್ಲಿನ ಕಾರ್ಖಾನೆ' ಎಂದು ಕರೆಯುತ್ತಿದ್ದವಳು

ತಾ.ಕ.: ಮೇಲಿನದನ್ನು ಮಡಚುತ್ತಿದ್ದಂತೆ ಬೆಲ್ ಆಯಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ, ತೆಗೆದೆ. ಕಂಪನಿಯವನೇ. ನೋಟಿಸಿಗೆ ಇನ್ನೂ ಉತ್ತರ ಬಂದಿಲ್ಲ, ಲೈನೂ ಬಂದಾಗಿದೆ ಎಂದು ವಿಚಾರಿಸಲು ಬಂದಿದ್ದ. "ಸಾರ್ ಇಲ್ವಾ ಮೇಡಂ?" ಎಂದ. ಹಾಳು ಬಾಯಿ! "ಈಗಷ್ಟೇ ಥಿಯೇಟರಿಗೆ ಹೋದ್ರು" ಎಂದುಬಿಟ್ಟೆ. "ಹಾಗಾದ್ರೆ ಬಳಸೋದು ಸಾರೇ" ಎಂದು ಫೋನಿನಲ್ಲಿ ಗುರುತು ಹಾಕಿಕೊಂಡು ಮೆಟ್ಟಿಲು ಇಳಿದ. ಬಾಗಿಲು ಹಿಡಿದು ನಿಂತೆ. ಆಮೇಲೆ ಬರಿಗಾಲಲ್ಲಿ ಓಡಿದೆ. ಅವನು ಕೆಳಗಿನ ಗೇಟಿಗೆ ಹೋಗಿಬಿಟ್ಟಿದ್ದ, ಅಲ್ಲಿಗೆ ಕೇಳುವಂತೆ ಕೂಗಿದೆ: "ಅವರು ಇಲ್ಲಿಲ್ಲ! ಬೇಸಿಗೆಯಿಂದ ಈ ಮನೇಲಿಲ್ಲ! ನೋಡಿದ್ದು ನಾನು, ನಾನೊಬ್ಬಳೇ!" ಎಲ್ಲಾ ಮಹಡಿಯ ಬಾಗಿಲುಗಳೂ ತೆರೆದುಕೊಂಡವು. ಅವನು ವಾಪಸ್ ಬಂದು ಹಳೆಯದನ್ನು ಅಳಿಸಿ, ನನ್ನ ಹೆಸರು ಹಾಕಿಕೊಂಡು, ನನ್ನಿಂದ ಸಹಿ ಮಾಡಿಸಿಕೊಂಡು ಹೋದ. ಇನ್ನು ಬರುವವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅತ್ತೆಯವರಿಗೆ ಈ ಕಾಗದಕ್ಕಿಂತ ಮೊದಲೇ ಸುದ್ದಿ ಮುಟ್ಟುತ್ತದೆ. ಒಂದು ವೇಳೆ ನೀವು ಬರುವುದಾದರೆ ಬೆಲ್ ಒತ್ತಬೇಡಿ. ಹೊರಗೆ ನಿಂತು ನನ್ನ ಹೆಸರು ಹಿಡಿದು ಕೂಗಿ. ಬೆಲ್ಲಿಗೆ ನಾನು ಇನ್ನು ಬಾಗಿಲು ತೆಗೆಯಲಾರೆ.